ನಾಲ್ಕು ಜನದ ಮುಂದೆ ಕೇಳಿದ್ದು

ಕಳೆದ ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಮಂಡ್ಯಕ್ಕೆ ಬಂದಿದ್ದೆ. ಕೊನೆಯ ಪಂಕ್ತಿ ಎದ್ದು, ಹಿರಿಯರೆಲ್ಲ ಎಲೆ ಅಡಿಕೆ ಹಿಡಿದು ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಏಪ್ರಿಲ್‌ನಲ್ಲಿ ನಾನು ಲಂಡನ್ ಮ್ಯಾರಥಾನ್ ಓಡಲಿರುವುದನ್ನೂ ಕಿಡ್ನಿ ರೋಗಿಗಳಿಗಾಗಿ ದುಡಿಯುವ ಸೇವಾ ಸಂಸ್ಥೆಯೊಂದಕ್ಕೆ 2,000 ಪೌಂಡ್ ಕೂಡಿಸಿಕೊಡಲು ಒಪ್ಪಿರುವುದನ್ನೂ ಹೇಳಿ, ಕೈಲಾದಷ್ಟು ಕೊಡಿ ಎಂದು ಕೇಳಿದೆ. ಸೋದರಮಾವ ಮಾತು ಮುಗಿಯಲು ಬಿಡಲಿಲ್ಲ. "ಅಲ್ಲ ಕಣಪ್ಪ, ದುಡ್ಡು ಬೇಕು ಅಂದ್ರೆ ನನ್ನ ಕೇಳು, ಕೊಡ್ತೀನಿ. ಹಿಂಗೆ ಮದುವೆ ಮನೇಲಿ ನಾಲ್ಕು ಜನದ ಮುಂದೆ ಕೈಯೊಡ್ತಾರಾ? ನಿಮ್ಮಪ್ಪ ಇದ್ದಿದ್ರೆ ಏನಂದ್ಕೊಳ್ಳೋರು?" ಅಪ್ಪ ತೀರಿಕೊಂಡದ್ದೇ ಕಿಡ್ನಿ ಕಾಯಿಲೆಯಿಂದ. ಅವರ ಹೆಸರಿನಲ್ಲಿಯೇ ಓಡಲು ಹೊರಟವನಿಗೆ ಆ ಮಾತು ಇವತ್ತಿಗೂ ನೋಯುತ್ತದೆ.

ಲಂಡನ್ನಿನಲ್ಲಿ ಹೀಗೆ ಕೇಳುವುದು ಯಾರಿಗೂ ಕೈಯೊಡ್ಡಿದಂತೆ ಕಾಣುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಪಿಂಚಣಿಯಲ್ಲಿ ಬದುಕುವ ಒಬ್ಬ ಅಜ್ಜಿಯಿದ್ದಾರೆ. ಜನವರಿಯ ಕತ್ತಲಲ್ಲಿ ನಾನು ಅಭ್ಯಾಸಕ್ಕೆ ಹೊರಡುವುದನ್ನು ಕಿಟಕಿಯಿಂದ ನೋಡುತ್ತಿದ್ದವರು, ಪ್ರತಿ ಭಾನುವಾರವೂ ಈ ವಾರ ಎಷ್ಟು ಮೈಲಿಯಾಯಿತು ಎಂದು ವಿಚಾರಿಸುತ್ತಿದ್ದರು. ಒಂದು ದಿನ ಲಕೋಟೆಯಲ್ಲಿ ಹತ್ತು ಪೌಂಡ್ ಇಟ್ಟು, ಮೇಲೆ ತೀರಿಹೋದ ಗಂಡನ ಹೆಸರು ಬರೆದು, ಬಾಗಿಲಿಗೇ ಬಂದು ಕೊಟ್ಟರು. ಕಚೇರಿಯಲ್ಲಿ ನನ್ನೊಂದಿಗೆ ಎರಡು ಮಾತನ್ನೂ ಆಡದವರು ಐದೈದು ಪೌಂಡ್ ಕೊಟ್ಟರು. ಓಡುವುದೇಕೆ, ಸುಮ್ಮನೆ ಕೊಟ್ಟುಬಿಡಬಾರದೇ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. 1981ರಲ್ಲಿ ಮೊದಲ ಬಾರಿ ನಡೆದ ಆ ಓಟದಲ್ಲಿ ಈಗ ಸೇವಾ ಸಂಸ್ಥೆಗಳು ಮುಂಚಿತವಾಗಿಯೇ ಸ್ಥಾನಗಳನ್ನು ಪಡೆದು, ಇಷ್ಟು ಹಣ ಕೂಡಿಸುತ್ತೇನೆಂದು ಮಾತು ಕೊಟ್ಟವರಿಗೆ ಹಂಚುತ್ತವೆ. ತೆರಿಗೆ ಕಟ್ಟುವವರು ಕೊಟ್ಟ ಪ್ರತಿ ಪೌಂಡಿಗೆ ಸರ್ಕಾರ ಇನ್ನೂ 25 ಪೆನ್ಸ್ ಸೇರಿಸಿ ಸಂಸ್ಥೆಗೇ ಕೊಡುತ್ತದೆ; ನಮ್ಮಲ್ಲಿ ದೇಣಿಗೆಗೆ ಇರುವ ಆದಾಯ ತೆರಿಗೆಯ ರಿಯಾಯಿತಿ ಕೊಟ್ಟವರಿಗೆ ಸಿಗುತ್ತದೆ.

ಕೊಡುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ಅದೇ ಛತ್ರದ ಬಾಗಿಲಲ್ಲಿ ಮುಯ್ಯಿ ಬರೆಯುವವರು ಬೆಳಗಿನಿಂದ ತಲೆ ಎತ್ತಿರಲಿಲ್ಲ. ಊರು, ಹೆಸರು, ಮೊತ್ತ, ಎಲ್ಲವೂ ಗೆರೆ ಎಳೆದ ಪುಸ್ತಕದಲ್ಲಿ ಸಾಲುಸಾಲಾಗಿ ಕುಳಿತಿದ್ದವು. ಆ ಸಾಲುಗಳಲ್ಲಿ ಒಂದೂ ಗುರುತಿಲ್ಲದವರಿಗೆ ಹೋಗುವ ಹಣವಲ್ಲ. ಕೊಟ್ಟವರ ಮನೆಗೆ ಅದು ಇನ್ನೊಂದು ಮದುವೆಯಲ್ಲಿ ಹಿಂದಿರುಗುತ್ತದೆ. ಬೀದಿಯ ಗಣಪತಿಗೆ ಚಂದಾ ಎತ್ತುವಾಗ ಯಾರಿಗೂ ಇಲ್ಲದ ಸಂಕೋಚ, ಮುಖ ಕಾಣದ ರೋಗಿಯೊಬ್ಬನಿಗಾಗಿ ಕೇಳುವಾಗ ಎಲ್ಲಿಂದ ಬರುತ್ತದೆಯೆಂದು ನನಗೆ ಅರ್ಥವಾಗುವುದಿಲ್ಲ.

ಮೈ ದಂಡಿಸುವುದಂತೂ ನಮಗೆ ಹೊಸದೇ ಅಲ್ಲ. ಹರಕೆ ಹೊತ್ತ ಹೆಂಗಸರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಶಿವರಾತ್ರಿಗೆ ಮುಂಚೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಅಂಗಾಲಿನಲ್ಲಿ ಬೊಬ್ಬೆಗಳೆದ್ದಿರುತ್ತವೆ. ದಾರಿಯುದ್ದಕ್ಕೂ ಹಳ್ಳಿಯವರು ಮಜ್ಜಿಗೆ, ಪಾನಕ ಹಿಡಿದು ಕಾಯುತ್ತಾರೆ, ಕುಡಿದವನ ಊರು ಯಾವುದೆಂದು ಕೇಳುವುದಿಲ್ಲ. ದೇವರಿಗಾಗಿ ಸವೆಸುವ ಕಾಲನ್ನು ಅಷ್ಟು ಗೌರವಿಸುವ ಜನ, ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಮಲಗಿದವನಿಗಾಗಿ ಸವೆಸಿದ ಕಾಲನ್ನೂ ಗೌರವಿಸಬಾರದೇಕೆ? ಮುಂಬಯಿಯಲ್ಲಿ 2004ರಿಂದ ನಡೆಯುತ್ತಿರುವ ಮ್ಯಾರಥಾನ್ ಸೇವಾ ಸಂಸ್ಥೆಗಳಿಗೆ ದೊಡ್ಡ ಆಸರೆಯಾಗಿದೆ. ನಮ್ಮ ಊರಿನಲ್ಲಿ ನಾನು ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಡಿದ ನಾಲ್ಕೂ ದಿನ ಯಾರಾದರೊಬ್ಬರು ನಿಲ್ಲಿಸಿ, ಮನೆಯಲ್ಲಿ ಏನಾದರೂ ಆಯಿತೇ ಎಂದು ಗಾಬರಿಯಿಂದ ಕೇಳಿದರು.

ಓಟದ ದಿನ ಬನಿಯನ್ನಿನ ಮೇಲೆ ನನ್ನ ಹೆಸರು ಅಚ್ಚಾಗಿತ್ತು. ಗ್ರೀನಿಚ್‌ನಿಂದ ಹೊರಟು, ಟವರ್ ಬ್ರಿಡ್ಜ್ ದಾಟುವ ಹೊತ್ತಿಗೆ ಎರಡೂ ಬದಿಯಲ್ಲಿ ಗೋಡೆ ಕಟ್ಟಿದಂತೆ ನಿಂತಿದ್ದ ಜನ, ಉಚ್ಚಾರಣೆ ತಿಳಿಯದಿದ್ದರೂ ಆ ಹೆಸರನ್ನೇ ಹಿಡಿದು ಕೂಗುತ್ತಿದ್ದರು. ಇಪ್ಪತ್ತು ಮೈಲಿ ಕಳೆದ ಮೇಲೆ ತೊಡೆಗಳು ಕಲ್ಲಾದವು. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್, ಹೆಚ್ಚುಕಡಿಮೆ ಮಂಡ್ಯದಿಂದ ಮೈಸೂರಿಗೆ ಇರುವ ದೂರ. ಆಮೇಲಿನ ಪ್ರತಿಯೊಂದು ಮೈಲಿಯನ್ನೂ ಶ್ರೀರಂಗಪಟ್ಟಣ, ಸಿದ್ದಲಿಂಗಪುರ ಎಂದು ಎಣಿಸಿಕೊಂಡೇ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ತಿರುವನ್ನು ಮುಟ್ಟಿದೆ.

ಆ ಎಣಿಕೆ ಇನ್ನೊಂದು ಮಾತನ್ನೂ ನೆನಪಿಸಿತು. ಅದನ್ನು ಇಲ್ಲಿ ಬರೆಯದೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಅಪ್ಪನನ್ನು ಎರಡು ವರ್ಷ, ವಾರಕ್ಕೆ ಎರಡು ಸಲ, ಅದೇ ದಾರಿಯಲ್ಲಿ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವರು ಆ ಮಾವನೇ. ಆಗಲೂ ನಾನು ಲಂಡನ್ನಿನಲ್ಲಿದ್ದೆ. ಡಯಾಲಿಸಿಸ್ ನಡೆಯುವ ನಾಲ್ಕು ಗಂಟೆಯೂ ಅವರು ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದರು. ಅಪ್ಪ ಒರಗಿಕೊಳ್ಳಲೆಂದು ಕಾರಿನ ಹಿಂದಿನ ಸೀಟಿನಲ್ಲಿ ಒಂದು ದಿಂಬು ಯಾವಾಗಲೂ ಇರುತ್ತಿತ್ತು. ಅಮ್ಮ ಒಮ್ಮೆ ಪೆಟ್ರೋಲಿಗೆಂದು ಹಣ ಕೊಡಲು ಹೋದಾಗ ಎಷ್ಟು ನೊಂದುಕೊಂಡರೆಂದರೆ, ಮುಂದಿನ ಎರಡು ಸರದಿಯಲ್ಲಿ ನಮ್ಮ ಮನೆಯ ಕಾಫಿಯನ್ನೂ ಮುಟ್ಟಲಿಲ್ಲ. ಲಂಡನ್ನಿನಲ್ಲಿ ನನಗೆ ಐದು ಪೌಂಡ್ ಕೊಟ್ಟವರಲ್ಲಿ ಇಷ್ಟು ಮಾಡಬಲ್ಲವರು ಎಷ್ಟು ಮಂದಿಯಿದ್ದಾರೆಂದು ಹೇಳಲಾರೆ.

ಆ ದಿನಗಳಲ್ಲಿ ಅಪ್ಪನ ಪಕ್ಕದ ಹಾಸಿಗೆಗೆ ಪಾಂಡವಪುರದ ಕಡೆಯ ಹುಡುಗನೊಬ್ಬ ಬರುತ್ತಿದ್ದನಂತೆ. ಒಬ್ಬನೇ ಬಸ್ಸಿನಲ್ಲಿ ಬಂದು, ಮುಗಿದ ಮೇಲೆ ಒಬ್ಬನೇ ಬಸ್ಸಿಗೆ ಕಾಯುತ್ತಿದ್ದವನನ್ನು ಮಾವ ಶ್ರೀರಂಗಪಟ್ಟಣದವರೆಗೆ ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರೆಂದು ಅಮ್ಮ ಹೇಳುತ್ತಾರೆ. ಅಪ್ಪ ಹೋದ ಮೇಲೆ ಆ ಕಾರು ಮೈಸೂರಿನ ದಾರಿ ಹಿಡಿಯುವುದು ನಿಂತಿತು. ಹುಡುಗ ಮತ್ತೆ ಬಸ್ಸಿಗೇ ನಿಂತಿರಬೇಕು.