ಡೇಟಾಬೇಸ್ ಬ್ಯಾಕಪ್‌ಗೆ ದಿನಕ್ಕೊಂದು ಡಂಪ್ ಸಾಕಾ? ಪರ – ವಿರೋಧ

ಪರ: ಸಾಕು, ಹೆಚ್ಚಿನವರಿಗೆ ಅದೇ ಸರಿ

ಡಂಪ್ ಅಂದರೆ ಡೇಟಾಬೇಸ್‌ನ ಡೇಟಾವನ್ನು ಓದಿ, ಮತ್ತೆ ಕಟ್ಟಲು ಬರುವ ಹಾಗೆ ಫೈಲ್‌ಗೆ ಬರೆದಿಡುವುದು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಅದಕ್ಕೆ ಪಿಜಿ-ಡಂಪ್, ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಮೈಎಸ್‌ಕ್ಯುಎಲ್-ಡಂಪ್. ಒಂದು ಸಾಲಿನ ಕಮಾಂಡ್, ಕೊನೆಗೆ ಒಂದು ಫೈಲ್. ಅದನ್ನು ಓಡಿಸುವವರಿಗೆ ಅದು ಏನು ಮಾಡುತ್ತದೆ ಅಂತ ಪೂರ್ತಿ ಅರ್ಥವಾಗಿರುತ್ತದೆ. ಬ್ಯಾಕಪ್ ವಿಷಯದಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ ಅನ್ನುವುದು ನನ್ನ ನಂಬಿಕೆ.

ಡಂಪ್ ತೆಗೆಯಲು ಸರ್ವರ್ ನಿಲ್ಲಿಸಬೇಕು ಅಂತ ಕೆಲವರು ಇನ್ನೂ ಅಂದುಕೊಂಡಿದ್ದಾರೆ. ಬೇಕಾಗಿಲ್ಲ. ಪಿಜಿ-ಡಂಪ್ ಶುರುವಾದಾಗ ಡೇಟಾ ಹೇಗಿತ್ತೋ ಹಾಗೇ ಬರೆದುಕೊಳ್ಳುತ್ತದೆ, ಆಮೇಲೆ ಬಂದ ಬದಲಾವಣೆ ಅದಕ್ಕೆ ಕಾಣುವುದೇ ಇಲ್ಲ, ಓದುವವರಿಗೂ ಬರೆಯುವವರಿಗೂ ಅದು ಅಡ್ಡ ಬರುವುದಿಲ್ಲ. ಟೇಬಲ್‌ನ ರಚನೆಯನ್ನೇ ಬದಲಿಸುವ ಆಲ್ಟರ್ ಟೇಬಲ್‌ನಂಥ ಕೆಲಸ ಮಾತ್ರ ಕಾಯಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟರೆ ಇನೊಡಿಬಿ ಬಗೆಯ ಟೇಬಲ್‌ಗಳಿಗೂ ಇದೇ ಅನುಕೂಲ. ಹಳೆಯ ಮೈಐಸ್ಯಾಮ್ ಬಗೆಯ ಟೇಬಲ್‌ಗಳಿಗೆ ಇದು ಸಿಗುವುದಿಲ್ಲ, ಮೊದಲು ನೋಡಿಕೊಳ್ಳಿ.

ಡಂಪ್‌ನ ನಿಜವಾದ ಬಲ ಇರುವುದು ಅದರಿಂದ ಎಲ್ಲಿ ಬೇಕಾದರೂ ಡೇಟಾಬೇಸ್ ಮತ್ತೆ ಎಬ್ಬಿಸಬಹುದು ಅನ್ನುವುದರಲ್ಲಿ. ಇನ್ನೊಂದು ದಾರಿಯಾದ ಡೇಟಾ ಡೈರೆಕ್ಟರಿಯ (ಡೇಟಾಬೇಸ್‌ನ ಫೈಲ್‌ಗಳಿರುವ ಫೋಲ್ಡರ್) ನಕಲು ಅದೇ ಮುಖ್ಯ ಆವೃತ್ತಿಯ ಪೋಸ್ಟ್‌ಗ್ರೆಸ್ ಮೇಲೇ ಓಡಬೇಕು. ಆವೃತ್ತಿ ಒಂದೇ ಇದ್ದರೂ ಕೆಲವೊಮ್ಮೆ ಸಾಲದು. 2018ರಲ್ಲಿ ಬಂದ, ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿಯ 2.28 ಆವೃತ್ತಿ ಅಕ್ಷರಗಳನ್ನು ಜೋಡಿಸುವ ಕ್ರಮವನ್ನೇ ಬದಲಾಯಿಸಿತು. ಹಳೆಯ ಲಿನಕ್ಸ್‌ನಲ್ಲಿದ್ದ ಫೈಲ್‌ಗಳನ್ನು ಹಾಗೇ ಹೊಸ ಲಿನಕ್ಸ್‌ಗೆ ಹಾಕಿದರೆ ಪಠ್ಯದ ಮೇಲಿನ ಇಂಡೆಕ್ಸ್‌ಗಳು (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿಗಳು) ಯಾವ ಎರರ್ ಕೂಡ ಕೊಡದೆ ತಪ್ಪು ಉತ್ತರ ಕೊಡಬಹುದು. ಡಂಪ್‌ನಿಂದ ಎಬ್ಬಿಸಿದವರಿಗೆ ಈ ಗೋಳೇ ಇಲ್ಲ, ಇಂಡೆಕ್ಸ್ ಅಲ್ಲೇ ಹೊಸದಾಗಿ ತಯಾರಾಗುತ್ತದೆ.

ಡಂಪ್ ತೆಗೆಯುವಾಗ ಪ್ರತಿ ಟೇಬಲ್‌ನ ಪ್ರತಿ ಸಾಲನ್ನೂ ಓದಲೇಬೇಕು. ಡಿಸ್ಕ್‌ನಲ್ಲಿ ಪುಟ (ಡೇಟಾ ಇಡುವ ತುಂಡು) ಹಾಳಾಗಿದ್ದರೆ ಎಷ್ಟೋ ಸಲ ಅಲ್ಲೇ ಎರರ್ ಬಂದು ನಿಲ್ಲುತ್ತದೆ. ಚೆಕ್‌ಸಮ್ (ಡೇಟಾ ಹಾಳಾಗಿದೆಯೇ ಅಂತ ತಿಳಿಸುವ ಅಂಕೆ) ಇಲ್ಲದ ಫೈಲ್‌ಗಳ ನಕಲು ಮಾತ್ರ ಹಾಳಾದ ಪುಟವನ್ನೂ ಜೋಪಾನವಾಗಿ ಹೊತ್ತುಕೊಂಡು ಹೋಗುತ್ತದೆ. ಒಂದೇ ಟೇಬಲ್ ವಾಪಸ್ ಬೇಕು ಅಂದರೂ ಕಸ್ಟಮ್ ಫಾರ್ಮ್ಯಾಟ್ ಡಂಪ್‌ನಿಂದ ಅದೊಂದನ್ನೇ ಎತ್ತಿಕೊಳ್ಳಬಹುದು.

ಕೆಲವು ಜಿಬಿ ಡೇಟಾ, ಕೆಲಸ ಮಾಡುವ ಇಬ್ಬರು. ಇಂಥ ಕಡೆ ಇದಕ್ಕಿಂತ ಜಾಸ್ತಿ ಕಟ್ಟಿದರೆ ನೋಡಿಕೊಳ್ಳಲು ಜನ ಇರುವುದಿಲ್ಲ, ನೋಡಿಕೊಳ್ಳದ ಬ್ಯಾಕಪ್ ಸುಮ್ನೆ ಜಾಗ ತಿನ್ನುತ್ತದೆ.

ವಿರೋಧ: ಡಂಪ್ ಒಂದನ್ನೇ ನಂಬಬೇಡಿ

ರಾತ್ರಿ 2ಕ್ಕೆ ಡಂಪ್ ಆಯಿತು ಅಂದುಕೊಳ್ಳಿ. ಸಂಜೆ 5ಕ್ಕೆ ಯಾರೋ, ಯಾವ ಸಾಲು ಅಂತ ಹೇಳುವ ವೇರ್ ಇಲ್ಲದ ಡಿಲೀಟ್ ಓಡಿಸಿ ಟೇಬಲ್ ಪೂರ್ತಿ ಅಳಿಸಿದರು. 15 ಗಂಟೆಗಳ ಕೆಲಸ ಹೋಯಿತು. ಅಷ್ಟು ಹೊತ್ತು ಜನ ತುಂಬಿದ ಅರ್ಜಿ, ಕಟ್ಟಿದ ಹಣದ ಲೆಕ್ಕ, ಎಲ್ಲ. ದಿನಕ್ಕೊಂದು ಡಂಪ್ ಅಂದರೆ ಒಂದು ದಿನದ ಡೇಟಾ ಹೋದರೂ ಪರವಾಗಿಲ್ಲ ಅಂತ ಮೊದಲೇ ಒಪ್ಪಿಕೊಂಡ ಹಾಗೆ, ಅಲ್ವಾ? ಆ ಒಪ್ಪಿಗೆಯನ್ನು ಡೇಟಾದ ಮಾಲೀಕರನ್ನು ಕೇಳಿ ಪಡೆದವರು ಕಡಿಮೆ.

ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ (WAL, ಬದಲಾವಣೆಗಳ ದಾಖಲೆ) ಫೈಲ್‌ಗಳಲ್ಲಿ ಬರೆಯುತ್ತದೆ, ಸಾಮಾನ್ಯವಾಗಿ ಒಂದೊಂದು 16 ಎಂಬಿ. ಒಂದು ಬೇಸ್ ಬ್ಯಾಕಪ್ (ಡೇಟಾ ಡೈರೆಕ್ಟರಿಯ ಪೂರ್ತಿ ನಕಲು) ತೆಗೆದು, ಆಮೇಲಿನ ವಾಲ್ ಫೈಲ್‌ಗಳನ್ನು ಬೇರೆ ಕಡೆ ಕೂಡಿಡುತ್ತಾ ಹೋದರೆ 4 ಗಂಟೆ 59 ನಿಮಿಷಕ್ಕೆ ಡೇಟಾ ಹೇಗಿತ್ತೋ ಅಲ್ಲಿಗೇ ತಂದು ನಿಲ್ಲಿಸಬಹುದು. 2005ರ 8.0 ಆವೃತ್ತಿಯಿಂದಲೇ ಈ ಸೌಲಭ್ಯ ಇದೆ. ಮೈಎಸ್‌ಕ್ಯುಎಲ್‌ನಲ್ಲಾದರೆ ಡಂಪ್ ಮೇಲೆ ಬಿನ್‌ಲಾಗ್ (ಅಲ್ಲಿನ ಬದಲಾವಣೆಗಳ ದಾಖಲೆ) ಓಡಿಸಿ ಇದೇ ಕೆಲಸ ಮಾಡಿಕೊಳ್ಳಬಹುದು, ಆದರೆ ಪೋಸ್ಟ್‌ಗ್ರೆಸ್ ಡಂಪ್ ಮೇಲೆ ವಾಲ್ ಓಡಿಸಲು ಸಾಧ್ಯವೇ ಇಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಾಗುವುದು ಅನಾಹುತ ಆದ ಮೇಲೆ.

ಡೇಟಾ ಬೆಳೆದಷ್ಟೂ ಡಂಪ್ ಭಾರವಾಗುತ್ತದೆ. ವಾಪಸ್ ಹಾಕುವಾಗ ಎಲ್ಲ ಇಂಡೆಕ್ಸ್ ಮತ್ತೆ ಕಟ್ಟಬೇಕು, ಫಾರಿನ್ ಕೀ (ಟೇಬಲ್‌ಗಳ ನಡುವಿನ ಕೊಂಡಿ) ಮತ್ತೆ ಪರೀಕ್ಷಿಸಬೇಕು, ಅಷ್ಟು ಹೊತ್ತೂ ಸೇವೆ ಬಂದ್. ತೆಗೆಯುವಾಗಲೂ ಗಂಟೆಗಟ್ಟಲೆ ಒಂದೇ ಸ್ನ್ಯಾಪ್‌ಶಾಟ್ (ಶುರುವಾದ ಕ್ಷಣದ ಡೇಟಾದ ನೋಟ) ಹಿಡಿದು ಕೂರುವುದರಿಂದ ಆ ಸಮಯದಲ್ಲಿ ಸತ್ತ ಸಾಲುಗಳನ್ನು (ಅಳಿಸಿದ, ಬದಲಿಸಿದ ಸಾಲುಗಳ ಹಳೆಯ ಪ್ರತಿ) ಪೋಸ್ಟ್‌ಗ್ರೆಸ್‌ನ ಗುಡಿಸುವ ಕೆಲಸವಾದ ವ್ಯಾಕ್ಯೂಮ್‌ಗೆ ತೆಗೆಯಲಾಗುವುದಿಲ್ಲ, ಟೇಬಲ್ ಊದುತ್ತದೆ. ಯೂಸರ್‌ಗಳು ಮತ್ತು ರೋಲ್‌ಗಳು ಪಿಜಿ-ಡಂಪ್‌ನಲ್ಲಿ ಬರುವುದೇ ಇಲ್ಲ, ಅದಕ್ಕೆ ಪಿಜಿ-ಡಂಪ್‌ಆಲ್ ಬೇರೆ ಓಡಿಸಬೇಕು.

ಸರಳ ಅನ್ನುವ ವಾದಕ್ಕೆ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಕಥೆಯೇ ಉತ್ತರ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಸರ್ವರ್‌ನ ಡೇಟಾ ಡೈರೆಕ್ಟರಿಯನ್ನೇ ಅಳಿಸಿದರು. ಡಂಪ್ ಇದೆಯಲ್ಲ ಅಂತ ನೋಡಿದರೆ ಅದನ್ನು ಇಡುವ ಕ್ಲೌಡ್ ಬಕೆಟ್ ಖಾಲಿ. ಡೇಟಾಬೇಸ್ 9.6, ಓಡುತ್ತಿದ್ದ ಪಿಜಿ-ಡಂಪ್ 9.2, ಹಾಗಾಗಿ ಎರರ್ ಬಂದು ನಿಲ್ಲುತ್ತಿತ್ತು, ಆ ಎರರ್ ತಿಳಿಸುವ ಇಮೇಲ್‌ಗಳನ್ನೂ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಸುಮಾರು 6 ಗಂಟೆ ಮುಂಚೆ ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಎಲ್‌ವಿಎಂ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ನಕಲು). ಆ 6 ಗಂಟೆಗಳ ಡೇಟಾ ವಾಪಸ್ ಬರಲಿಲ್ಲ.

ವಾಲ್ ಆರ್ಕೈವ್‌ಗೂ ಕಾವಲು ಬೇಕು, ಒಪ್ಪುತ್ತೇನೆ. ಕಳಿಸುವ ಕಮಾಂಡ್ ಕೆಟ್ಟರೆ ಫೈಲ್‌ಗಳು ಸರ್ವರ್‌ನಲ್ಲೇ ಗುಡ್ಡೆಯಾಗಿ ಡಿಸ್ಕ್ ತುಂಬಿ ಡೇಟಾಬೇಸೇ ನಿಂತುಬಿಡುತ್ತದೆ. ಆದರೆ ಪಿಜಿಬ್ಯಾಕ್‌ರೆಸ್ಟ್, ಬಾರ್ಮನ್‌ನಂಥ ಸಾಧನಗಳು ಇದರ ಹೆಚ್ಚಿನ ಕೆಲಸ ನೋಡಿಕೊಳ್ಳುತ್ತವೆ, 2024ರ ಪೋಸ್ಟ್‌ಗ್ರೆಸ್ 17ರಲ್ಲಿ ಬದಲಾದ ಭಾಗವನ್ನಷ್ಟೇ ತೆಗೆಯುವ ಬೇಸ್ ಬ್ಯಾಕಪ್ ಕೂಡ ಬಂದಿದೆ.

ಡಂಪ್ ಬಿಡಿ ಅಂತ ನಾನು ಹೇಳುತ್ತಿಲ್ಲ, ಅದರ ಜಾಗ ಬದಲಾಯಿಸಿ. ವಾರಕ್ಕೊಮ್ಮೆ ಬೇಸ್ ಬ್ಯಾಕಪ್ ಮತ್ತು ವಾಲ್ ಸೇರಿಸಿ ಬೇರೊಂದು ಸರ್ವರ್‌ನಲ್ಲಿ ಡೇಟಾಬೇಸ್ ಎಬ್ಬಿಸಿ, ಅದರ ಮೇಲೆ ಪಿಜಿ-ಡಂಪ್ ಓಡಿಸಿ. ಬ್ಯಾಕಪ್ ಏಳುತ್ತದೆ ಅನ್ನುವುದೂ ಖಾತ್ರಿ, ಪ್ರತಿ ಸಾಲು ಓದಿ ನೋಡಿದ್ದೂ ಆಯಿತು, ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಡಂಪ್ ಕೂಡ ಕೈಗೆ ಬಂತು, ಮುಖ್ಯ ಸರ್ವರ್ ಮೇಲೆ ಅದರ ಹೊರೆಯೂ ಬೀಳಲಿಲ್ಲ.