ಆಕೆಯ ಇಂಗ್ಲಿಷನ್ನು ಕೋರ್ಟು ಕೇಳಿಸಿಕೊಳ್ಳಲಿಲ್ಲ

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಕೆಲವರು ಅಲ್ಲಿನ ಕಪ್ಪು ಜನರ ಇಂಗ್ಲಿಷನ್ನು ‘ಹರಕು ಇಂಗ್ಲಿಷ್’ ಅನ್ನುವುದನ್ನು ಕೇಳಿದ್ದೇನೆ. ಆ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಯಾಕಂತ ಹೇಳುತ್ತೇನೆ.

2012ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17 ವರ್ಷದ ಕಪ್ಪು ಹುಡುಗನನ್ನು ಅಲ್ಲಿನ ಬಡಾವಣೆಯ ಸ್ವಯಂಸೇವಕ ಕಾವಲುಗಾರ ಜಾರ್ಜ್ ಜಿಮ್ಮರ್‌ಮನ್ ಗುಂಡು ಹೊಡೆದು ಕೊಂದ. ಅದಕ್ಕೆ ಸ್ವಲ್ಪ ಮುಂಚಿನವರೆಗೂ ಹುಡುಗ ಫೋನಿನಲ್ಲಿ ಮಾತಾಡುತ್ತಿದ್ದದ್ದು ಗೆಳತಿ ರೇಚಲ್ ಜಾಂಟೆಲ್ ಜೊತೆ. ಮರುವರ್ಷ ವಿಚಾರಣೆಯಲ್ಲಿ ಆಕೆ ಎರಡು ದಿನ ಸಾಕ್ಷಿ ಹೇಳಿದಳು, ತಾನು ಬೆಳೆದ ಬೀದಿಯ ಇಂಗ್ಲಿಷಿನಲ್ಲೇ. ಇಂಟರ್ನೆಟ್ಟಿನಲ್ಲಿ ಜನ ಅವಳನ್ನು ದಡ್ಡಿ ಅಂದರು, ಇನ್ನೂ ಕೆಟ್ಟದ್ದನ್ನೂ ಅಂದರು. ಜಿಮ್ಮರ್‌ಮನ್ ಖುಲಾಸೆಯಾದ. ಆಮೇಲೆ ಜ್ಯೂರಿಯಲ್ಲಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ಜನರ ತಂಡದಲ್ಲಿ, ಇದ್ದ ಒಬ್ಬಾಕೆ ಟಿವಿಯಲ್ಲಿ ಹೇಳಿದ್ದು, ಅವಳ ಮಾತು ಅರ್ಥವಾಗುವುದೇ ಕಷ್ಟವಾಗಿತ್ತು, ನಂಬುವ ಹಾಗೂ ಇರಲಿಲ್ಲ ಅಂತ. ಅರ್ಥವಾಗಿದ್ದರೆ ತೀರ್ಪು ಬೇರೆ ಆಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಸತ್ತ ಹುಡುಗನ ಕಡೆಯಿಂದ ಹೇಳಬಲ್ಲವಳು ಅವಳೊಬ್ಬಳೇ ಇದ್ದಳು, ಅವಳ ಮಾತನ್ನು ತೂಗಿ ನೋಡುವ ಮುಂಚೆಯೇ ಬದಿಗೆ ಸರಿಸಿದರು.

ಅವಳಾಡಿದ ಕಪ್ಪು ಜನರ ಇಂಗ್ಲಿಷ್ ಹರಕೂ ಅಲ್ಲ, ಮುರುಕೂ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ. ‘ಹಿ ವರ್ಕಿಂಗ್’ ಅಂದರೆ ಈಗ ಕೆಲಸ ಮಾಡ್ತಿದ್ದಾನೆ. ‘ಹಿ ಬಿ ವರ್ಕಿಂಗ್’ ಅಂದರೆ ಯಾವಾಗಲೂ ಮಾಡ್ತಿರ್ತಾನೆ. ಕನ್ನಡದವರಿಗೆ ಈ ವ್ಯತ್ಯಾಸ ತಟ್ಟನೆ ಹೊಳೆಯಬೇಕು, ನಾವು ದಿನವೂ ಹೀಗೇ ತಾನೇ ಮಾತಾಡೋದು? ಪಠ್ಯಪುಸ್ತಕದ ಇಂಗ್ಲಿಷಿನಲ್ಲಿ ಇದನ್ನು ಹೇಳಲು ಇನ್ನೊಂದು ಪದ ಸೇರಿಸಬೇಕು.

ಇದು ಹೊಸ ಜಗಳವೂ ಅಲ್ಲ. ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಬಡ ಕಪ್ಪು ಮಕ್ಕಳ ಪರವಾಗಿ ಶಾಲೆಯ ಮೇಲೆ ಕೇಸು ಹಾಕಿದ್ದರು. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್, ಓದು ಕಲಿಸುವಾಗ ಮಕ್ಕಳ ಮನೆಮಾತನ್ನು ಶಾಲೆ ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ ತೀರ್ಪು ಕೊಟ್ಟರು. ಆಮೇಲೆ ಅಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. 1996ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಶಾಲಾ ಮಂಡಳಿ ಮನೆಮಾತಿನ ಮೂಲಕವೇ ಶಿಷ್ಟ ಇಂಗ್ಲಿಷ್ ಕಲಿಸೋಣ ಅಂದಾಗ ಇಡೀ ದೇಶ ನಕ್ಕಿತು. ಆದರೆ ಒಂದೇ ತಿಂಗಳೊಳಗೆ ಅಮೆರಿಕದ ಭಾಷಾವಿಜ್ಞಾನಿಗಳ ಸಂಘವೇ ನಿರ್ಣಯ ಮಾಡಿ, ಬೇರೆಲ್ಲ ಮಾತುಗಳ ಹಾಗೆ ಇದಕ್ಕೂ ಕ್ರಮವಿದೆ, ನಿಯಮವಿದೆ ಅಂತ ಹೇಳಿತು. ನಕ್ಕವರಲ್ಲಿ ಎಷ್ಟು ಜನ ಅದನ್ನು ಓದಿದರು?

ಶಿಷ್ಟ ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಕಾಲೇಜಿಗೆ, ಕೆಲಸಕ್ಕೆ ಅದು ಬೇಕು, ಕಪ್ಪು ತಂದೆತಾಯಂದಿರೂ ಮಕ್ಕಳಿಗೆ ಅದು ಬರಲಿ ಅಂತಲೇ ಬಯಸುತ್ತಾರೆ. ನನ್ನ ತಕರಾರು ಇರುವುದು ಅದೊಂದೇ ಇಂಗ್ಲಿಷ್, ಅದು ಬಾರದವರು ಬುದ್ಧಿಯಿಲ್ಲದವರು ಅಥವಾ ಸುಳ್ಳುಗಾರರು ಅಂತ ಸುಮ್ನೆ ತೀರ್ಮಾನ ಮಾಡುವುದರ ಬಗ್ಗೆ. ಅಜ್ಜಿಯಿಂದ, ಚರ್ಚಿನಿಂದ, ಗೆಳೆಯರಿಂದ ಬಂದ ಮಾತನ್ನು ಕೊಳಕು ಅಂದರೆ ಮಗು ತನ್ನ ಮನೆಯವರ ಬಗ್ಗೆಯೇ ನಾಚಿಕೆಪಡಲು ಕಲಿಯುತ್ತದೆ.

ಕೋರ್ಟಿನ ಕಥೆ ಅಲ್ಲಿಗೇ ಮುಗಿದಿಲ್ಲ. ಸಾಕ್ಷಿಗಳ ಮಾತನ್ನು ಪದಪದವಾಗಿ ಟೈಪ್ ಮಾಡುವ ಫಿಲಡೆಲ್ಫಿಯಾದ ಕೋರ್ಟ್ ಸ್ಟೆನೋಗಳಿಗೆ ಸಂಶೋಧಕರು ಈ ಇಂಗ್ಲಿಷಿನ ವಾಕ್ಯಗಳನ್ನು ಕೇಳಿಸಿದರು. 2019ರಲ್ಲಿ ಫಲಿತಾಂಶ ಬಂತು: 100 ವಾಕ್ಯಕ್ಕೆ ಪೂರ್ತಿ ಸರಿಯಾಗಿದ್ದದ್ದು ಸುಮಾರು 60 ಮಾತ್ರ. ಅವರಿಗೆಲ್ಲ ಪ್ರಮಾಣಪತ್ರ ಸಿಕ್ಕಿರುವುದು 95% ನಿಖರತೆಯ ಮೇಲೆ. ಒಬ್ಬ ಮನುಷ್ಯ ಜೈಲಿಗೆ ಹೋಗುವುದು, ಬಿಡುವುದು ಆ ದಾಖಲೆಯ ಮೇಲೆ ನಿಂತಿರುತ್ತದೆ ಅಲ್ವಾ? ಕಪ್ಪು ಜನ ಇಷ್ಟೊಂದು ಇರುವ ಊರುಗಳಲ್ಲಿ ಸ್ಟೆನೋಗಳ ಪರೀಕ್ಷೆಗೆ ಅವರ ಇಂಗ್ಲಿಷನ್ನೂ ಸೇರಿಸಬೇಕು, ಜ್ಯೂರಿಗೆ ಅದನ್ನು ವಿವರಿಸಲು ಭಾಷೆ ಬಲ್ಲವರನ್ನು ಕರೆಸಬೇಕು.