ಅಪ್ಪನ 80ಕ್ಕೆ ಒಂದು ಆಲ್ಬಂ, ನನಗೆ ನೂರು ತಲೆನೋವು

ಬರುವ ತಿಂಗಳು ಅಪ್ಪನಿಗೆ 80 ತುಂಬುತ್ತದೆ. ಹಳೆ ಫೋಟೋಗಳನ್ನೆಲ್ಲ ಸೇರಿಸಿ ಒಂದು ನೆನಪಿನ ಪುಸ್ತಕ ಮಾಡೋಣ ಅಂದವಳು ನಾನೇ, ಅದೇ ತಪ್ಪಾಯಿತು ನೋಡಿ. ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು, ಆಮೇಲೆ ಯಾರದ್ದೂ ಸುದ್ದಿಯಿಲ್ಲ.

ಮೂರು ಸಲ ಕೇಳಿದ ಮೇಲೆ ಫೋಟೋ ಬಂದವು. ಅದೂ ಹೇಗೆ, ಗೋಡೆ ಮೇಲಿನ ಗಾಜಿನ ಫ್ರೇಮನ್ನು ಹಾಗೇ ಮೊಬೈಲಿನಲ್ಲಿ ಕ್ಲಿಕ್ ಮಾಡಿ, ಅಪ್ಪನ ಮುಖದ ಮೇಲೆ ಟ್ಯೂಬ್‌ಲೈಟು, ಅದರ ಪಕ್ಕದಲ್ಲಿ ಫೋಟೋ ತೆಗೆದವರ ಕೈ! 4×6 ಇಂಚಿಗೆ ಪ್ರಿಂಟ್ ಚೆನ್ನಾಗಿ ಬರಬೇಕಾದರೆ ಸುಮಾರು 1200×1800 ಪಿಕ್ಸೆಲ್ ಬೇಕು ಕಣ್ರಪ್ಪಾ, ಚಾಟಿನಲ್ಲಿ ಸುಮ್ನೆ ಕಳಿಸಿದರೆ ಫೋಟೋ ಕುಗ್ಗುತ್ತದೆ, ಡಾಕ್ಯುಮೆಂಟ್ ಮಾಡಿ ಕಳಿಸಿ ಅಂತ ಎಷ್ಟು ಸಲ ಹೇಳುವುದು? "ನನ್ನ ಫೋನಿನಲ್ಲಿ ಚೆನ್ನಾಗೇ ಕಾಣುತ್ತಲ್ಲ" ಅನ್ನುತ್ತಾರೆ.

ಇನ್ನು ನಮ್ಮನೆ ಹಳೆ ಆಲ್ಬಂ. ಅಂಟು ಹಾಳೆ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಇರುವಂಥದ್ದು. ವರ್ಷಗಟ್ಟಲೆ ಹಾಗೇ ಇದ್ದು ಫೋಟೋಗಳು ಕಚ್ಚಿಕೊಂಡಿವೆ. ಒಂದನ್ನು ಎಳೆದೆ, ಅಪ್ಪನ ಸೈಕಲ್ ಅರ್ಧವೇ ಉಳಿಯಿತು. ಆಮೇಲೆ ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಹಿಂದಿನಿಂದ ನಿಧಾನವಾಗಿ ಆಡಿಸಿ ಬಿಡಿಸಿದೆ. ಬರಲ್ಲ ಅಂತ ಹಟ ಹಿಡಿದವನ್ನು ಹಾಳೆಯಲ್ಲೇ ಬಿಟ್ಟು ಸ್ಕ್ಯಾನ್ ಮಾಡಿದೆ. ಈ ಬುದ್ಧಿ ಮೊದಲೇ ಬಂದಿದ್ದರೆ ಸೈಕಲ್ ಉಳಿಯುತ್ತಿತ್ತು.

ಯಾವುದರ ಹಿಂದೆಯೂ ಇಸವಿ ಇಲ್ಲ. ಒಂದರಲ್ಲಿ ಮಾತ್ರ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದಾರೆ, ಅದು ಮುಂದೆ ಅತ್ತೆಯ ಹಣೆ ಮೇಲೆ ಉಬ್ಬಿ ಕಾಣುತ್ತದೆ. ಪೆನ್ಸಿಲಿನಲ್ಲಿ ಮೆಲ್ಲಗೆ ಬರೆದಿದ್ದರೆ ಸಾಕಿತ್ತು ಅಲ್ವಾ? ಅಪ್ಪನನ್ನೇ ಕೇಳೋಣವೆಂದರೆ ಗುಟ್ಟು ಬಯಲಾಗುತ್ತದೆ.

ಇವತ್ತು ಬೆಳಿಗ್ಗೆ ಅಣ್ಣನ ಮೆಸೇಜು: "ಇನ್ನೂ ಮುಗಿದಿಲ್ವಾ? ನನ್ನ ಫೋಟೋ ಸ್ವಲ್ಪ ಜಾಸ್ತಿ ಹಾಕು."